ವಧುವಿನ ಹೂಗುಚ್ಛ: ಒಂದು ಐತಿಹಾಸಿಕ ಅವಲೋಕನ

ಪುಷ್ಪವಿಲ್ಲದ ವಿವಾಹವನ್ನು ನಮ್ಮ ಜನ ಕಲ್ಪಿಸಿಕೊಳ್ಳಲಾರರು. ಬಾಗಿಲಿಗೆ ತೋರಣ, ಹಂದರಕ್ಕೆ ಚೆಂಡುಹೂವಿನ ಸರ, ಮದುವಣಗಿತ್ತಿಯ ಮುಡಿಗೆ ಮಲ್ಲಿಗೆಯ ದಂಡೆ, ವಧೂವರರ ಕೊರಳಿಗೆ ಮಾಲೆ, ಹೀಗೆ ಹೂವು ಮದುವೆಯ ಮನೆಯನ್ನೆಲ್ಲ ಆವರಿಸಿರುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮಲ್ಲಿ ಹೂವಿನ ಸ್ಥಾನ ಮುಡಿ ಮತ್ತು ಕೊರಳು; ಕೈಯಲ್ಲ. ವಧುವು ಹೂವಿನ ಗೊಂಚಲೊಂದನ್ನು ಕೈಯಲ್ಲಿ ಹಿಡಿದು ನಿಲ್ಲುವ ಪದ್ಧತಿ ನಮ್ಮ ಹಿರಿಯರು ಅರಿಯದುದು. ಈಗ ಹಲವು ವರ್ಷಗಳಿಂದ ನಗರಗಳ ಕಲ್ಯಾಣಮಂಟಪಗಳಲ್ಲಿ, ಆರತಕ್ಷತೆಯ ಹೊತ್ತಿಗೆ, ಅದೂ ಕಾಣಿಸಿಕೊಂಡಿದೆ. ಹಿರಿಯರು ಇದನ್ನು ಪರದೇಶದ ಸೋಗೆಂದು ಜರಿಯುತ್ತಾರೆ; ಕಿರಿಯರು ಚಂದವೆಂದು ಹಿಡಿಯುತ್ತಾರೆ. ಅದು ಎಲ್ಲಿಂದ ಬಂದಿತು, ಅಲ್ಲಿಯ ಜನ ಯಾವ ಹೂವನ್ನು ಏತಕ್ಕಾಗಿ ಆರಿಸಿದರು ಎಂಬ ವಿಚಾರಕ್ಕೆ ಮಾತ್ರ ಇಬ್ಬರೂ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಈ ಆಚಾರದ ದಾಖಲೆಗಳು ಸಮೃದ್ಧವಾಗಿರುವುದರಿಂದ ಆ ದೇಶದ ಚರಿತ್ರೆಯನ್ನೇ ಇಲ್ಲಿ ಅವಲೋಕಿಸೋಣ.

ಮೊದಲು ಒಂದು ಕಟ್ಟುಕಥೆಯನ್ನು ಬದಿಗಿಡಬೇಕು. ಹಿಂದಿನ ಕಾಲದ ಆಂಗ್ಲರು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ ಮಾತ್ರ ಸ್ನಾನ ಮಾಡುತ್ತಿದ್ದರು, ಜೂನ್ ತಿಂಗಳ ಮದುವೆಯ ವೇಳೆಗೆ ಮೈ ನಾರತೊಡಗಿದ್ದರಿಂದ ವಧುವಿನ ಕೈಗೆ ಹೂ ಕೊಟ್ಟರು ಎಂಬ ಮಾತೊಂದು ಪ್ರಚಾರದಲ್ಲಿದೆ. ವಿದ್ಯಾವಂತರೂ ಇದನ್ನು ನಗುತ್ತ ಒಪ್ಪಿಬಿಡುತ್ತಾರೆ. ಇದು 1999ರ ಸುಮಾರಿಗೆ ಇ-ಅಂಚೆಯ ಮೂಲಕ ಹಬ್ಬಿದ ವಿನೋದದ ಬರಹ. ಚಾರಿತ್ರಿಕ ಆಧಾರ ಇದಕ್ಕೆ ಯಾವುದೂ ಇಲ್ಲ. ಅನ್ಯರ ಆಚಾರವನ್ನು ಹೀಗೆ ಹಳಿದು ಸಂತೋಷಪಡುವವರು, ನಮ್ಮ ಆಚಾರಗಳನ್ನು ಅನ್ಯರು ಇದೇ ಬಗೆಯಲ್ಲಿ ವ್ಯಾಖ್ಯಾನಿಸಿದಾಗ ನೊಂದುಕೊಳ್ಳುವುದೇಕೆ?

ಪ್ರಾಚೀನ ಗ್ರೀಕರಲ್ಲಿಯೂ ರೋಮನ್ನರಲ್ಲಿಯೂ ಮದುವೆಯ ಹೂವು ತಲೆಯ ಮೇಲಣ ಮಾಲೆಯಾಗಿಯೇ ಇದ್ದಿತು. ಇಂಗ್ಲೆಂಡಿನಲ್ಲಿ ಹೂವಿಗಿಂತಲೂ ಮೊದಲು ಗೌರವ ಪಡೆದುದು ಒಂದು ಸುವಾಸನೆಯ ಗಿಡ. ಅದರ ಹೆಸರು ರೋಸ್‌ಮೇರಿ. ಸೂಜಿಯಂತಹ ಕಿರಿದಾದ ಎಲೆ, ಘಾಟು ಪರಿಮಳ. 1540ರ ಜನವರಿ 6ರಂದು ದೊರೆ ಎಂಟನೆಯ ಹೆನ್ರಿಯು ಜರ್ಮನಿಯ ಕ್ಲೀವ್ಸ್ ಸಂಸ್ಥಾನದ ಆನ್ ಎಂಬವಳನ್ನು ವರಿಸಿದಾಗ ಆಕೆಯ ಬಂಗಾರದ ಮುಕುಟದಲ್ಲಿ ರೋಸ್‌ಮೇರಿಯ ಕಡ್ಡಿಗಳನ್ನು ಸಿಕ್ಕಿಸಿದ್ದರೆಂದು ಆ ಕಾಲದ ಚರಿತ್ರಕಾರ ಎಡ್ವರ್ಡ್ ಹಾಲ್ ಬರೆದಿಟ್ಟಿದ್ದಾನೆ. ರೋಸ್‌ಮೇರಿಯು ಸ್ಮರಣೆಯ ಕುರುಹು ಎಂಬುದು ಅಲ್ಲಿಯ ಜನರ ನಂಬಿಕೆ. ಪಾಪ, ಆ ಕುರುಹು ಆಕೆಗೆ ಒದಗಲಿಲ್ಲ. ಅದೇ ವರ್ಷ ಜುಲೈ ತಿಂಗಳಲ್ಲಿ ದೊರೆಯು ಆ ವಿವಾಹವನ್ನು ರದ್ದುಗೊಳಿಸಿದನು. ಇಲ್ಲಿ ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಅಂಶವೊಂದಿದೆ. ಮದುವೆಯ ಮನೆಗೆ ಹೋಗುತ್ತಿದ್ದ ಈ ಕಡ್ಡಿಯೇ ಶವಯಾತ್ರೆಗೂ ಹೋಗುತ್ತಿತ್ತು. 17ನೆಯ ಶತಮಾನದ ಕವಿ ರಾಬರ್ಟ್ ಹೆರಿಕ್ ಈ ಗಿಡದ ಎರಡು ಉಪಯೋಗಗಳನ್ನು ಕುರಿತೇ ಒಂದು ಕಿರುಗವಿತೆಯನ್ನು ರಚಿಸಿದ್ದಾನೆ. ಮಂಗಳಕ್ಕೆ ಬೇರೆ, ಅಮಂಗಳಕ್ಕೆ ಬೇರೆ ಎಂದು ಸಸ್ಯಗಳನ್ನು ವಿಂಗಡಿಸುವ ನಮಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಮುಂದೆ ಹೇಳಲಿರುವ ಘಟನೆಯ ಬೇರು ಇಲ್ಲಿಯೇ ಇದೆ.

ರೋಸ್‌ಮೇರಿಯ ಸ್ಥಾನವನ್ನು ಕ್ರಮೇಣ ಕಿತ್ತಳೆಯ ಹೂವು ಆಕ್ರಮಿಸಿತು. ಕಿತ್ತಳೆಯ ಮಾತು ಬಂದಾಗ ಕನ್ನಡಿಗರು ಕಿವಿ ನಿಮಿರಿಸಬೇಕು. ಸಂಸ್ಕೃತದ 'ನಾರಂಗ' ಶಬ್ದವೇ ಪಾರಸಿಯಲ್ಲಿ 'ನಾರಂಗ್' ಆಗಿ, ಅರಬ್ಬಿಯಲ್ಲಿ 'ನಾರಂಜ್' ಆಗಿ, ಸ್ಪೇನಿನಲ್ಲಿ 'ನಾರಾಂಖಾ' ಆಗಿ, ಕೊನೆಗೆ ಆದಿಯ ನಕಾರವನ್ನು ಕಳೆದುಕೊಂಡು ಇಂಗ್ಲಿಷಿನ 'ಆರೆಂಜ್' ಆಯಿತು. ಸಂಸ್ಕೃತಕ್ಕೆ ಆ ಶಬ್ದ ಬಂದುದು ದ್ರಾವಿಡ ಮೂಲದಿಂದ ಎಂಬುದು ಅನೇಕ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಹುಳಿಕಿತ್ತಳೆಯ ಗಿಡವನ್ನು ಸ್ಪೇನಿಗೂ ಸಿಸಿಲಿಗೂ ಒಯ್ದವರು ಅರಬರು. ಈ ಗಿಡದಲ್ಲಿ ಹೂವೂ ಕಾಯಿಯೂ ಏಕಕಾಲದಲ್ಲಿ ಇರುತ್ತವೆಯಾಗಿ, ಕನ್ಯಾತ್ವಕ್ಕೂ ಸಂತಾನಕ್ಕೂ ಒಟ್ಟಿಗೆ ಸಂಕೇತವಾಗಿ ಅದನ್ನು ವಧುವಿನ ಮುಡಿಗೇರಿಸಿದರು.

ಕಿತ್ತಳೆಯ ಹೂವನ್ನು ಮನೆಮನೆಯ ಮಾತಾಗಿಸಿದವಳು ರಾಣಿ ವಿಕ್ಟೋರಿಯಾ. 1840ರ ಫೆಬ್ರವರಿ 10ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯ ಪ್ರಾರ್ಥನಾಮಂದಿರದಲ್ಲಿ ರಾಜಕುಮಾರ ಆಲ್ಬರ್ಟನ ಕೈಹಿಡಿದಾಗ ಆಕೆಯು ವಜ್ರದ ಕಿರೀಟವನ್ನು ಧರಿಸದೆ ಕಿತ್ತಳೆಹೂವಿನ ಮಾಲೆಯನ್ನು ಧರಿಸಿದಳು. ಉಡುಪಿನ ಕಸೂತಿಪಟ್ಟಿಯನ್ನು ಡೆವನ್ ಪ್ರಾಂತದ ಹಾನಿಟನ್ ಕಸಬುದಾರರಿಂದಲೇ ನೇಯಿಸಿದಳು. ಯಂತ್ರಗಳ ಪೈಪೋಟಿಯಿಂದ ಆ ಕಸಬು ಕುಂದುತ್ತಿದ್ದ ಕಾಲವದು. ಆಲ್ಬರ್ಟನು ಮದುವೆಗೆ ಮೊದಲೇ, 1839ರಲ್ಲಿ, ಕಿತ್ತಳೆಹೂವಿನ ಆಕಾರದ ಒಂದು ಪದಕವನ್ನು ಆಕೆಗೆ ಕಳುಹಿಸಿದ್ದನು. 1846ರ ವಿವಾಹದ ವಾರ್ಷಿಕ ದಿನದಂದು ಅದೇ ಮಾದರಿಯ ಶಿರೋಮಾಲೆಯನ್ನು ಕೊಟ್ಟನು. ಅದರಲ್ಲಿ ಹೂಗಳ ನಡುವೆ ಹಸಿರು ಮೀನಾಕಾರಿಯ ನಾಲ್ಕು ಪುಟ್ಟ ಕಿತ್ತಳೆಗಳು. ಅಷ್ಟು ಹೊತ್ತಿಗೆ ಅವರಿಗೆ ನಾಲ್ವರು ಮಕ್ಕಳಾಗಿದ್ದರು. ಬಾಡದ ಹೂವನ್ನು ಕೊಟ್ಟ ಪತಿಯು 1861ರಲ್ಲಿ ತೀರಿಹೋದನು.

ರಾಣಿಯನ್ನು ಕಂಡು ಪ್ರಜೆಗಳೂ ಕಿತ್ತಳೆಹೂವನ್ನು ಬಯಸಿದರು. ಚಳಿಯ ದೇಶದಲ್ಲಿ ಅದು ಗಾಜಿನ ಮನೆಗಳಲ್ಲಿ ಮಾತ್ರ ಅರಳತಕ್ಕದ್ದು; ಬಡವರಿಗೆ ಎಟುಕದು. ಆದುದರಿಂದ ಮೇಣದ ಹೂಗಳು ಅಂಗಡಿಗೆ ಬಂದವು. ಇದೇ ಕಾಲದಲ್ಲಿ 'ಹೂವಿನ ಭಾಷೆ' ಎಂಬ ಮತ್ತೊಂದು ವ್ಯಾಪಾರವೂ ಬೆಳೆಯಿತು. 1819ರಲ್ಲಿ ಪ್ಯಾರಿಸ್ಸಿನಲ್ಲಿ ಷಾರ್ಲೊಟ್ ದ ಲಾತೂರ್ ಎಂಬ ಹೆಸರಿನಲ್ಲಿ ಹೊರಟ ಪುಸ್ತಕವನ್ನು ಅನುಸರಿಸಿ, ಇಂತಹ ಹೂವಿಗೆ ಇಂತಹ ಅರ್ಥವೆಂದು ಹೇಳುವ ಕೈಪಿಡಿಗಳು ಇಂಗ್ಲೆಂಡಿನಲ್ಲಿ ಹೇರಳವಾಗಿ ಅಚ್ಚಾದವು. ಒಂದು ಪುಸ್ತಕದ ಅರ್ಥ ಇನ್ನೊಂದರಲ್ಲಿಲ್ಲ. ಇವನ್ನು ಪುರಾತನ ಜ್ಞಾನವೆಂದು ಇಂದಿಗೂ ಉದ್ಧರಿಸುವವರಿದ್ದಾರೆ. ಇವು ಬಹುಮಟ್ಟಿಗೆ ಪ್ರಕಾಶಕರ ಸೃಷ್ಟಿಯೆಂದೇ ನಮ್ಮ ಅಭಿಪ್ರಾಯ.

ಆದರೆ ಒಂದು ಸೊಪ್ಪಿಗೆ ಮಾತ್ರ ಪುಸ್ತಕದ ಹಂಗಿಲ್ಲದೆ ಅರ್ಥ ಬಂದಿತು. ಮರ್ಟಲ್ ಎಂಬುದು ಪುಟ್ಟ ಬಿಳಿ ಹೂವಿನ, ಸದಾ ಹಸಿರಾಗಿರುವ ಪೊದೆ. ನಮ್ಮ ನೇರಳೆ, ಲವಂಗ, ಪೇರಲಗಳು ಇದರ ಕುಲಬಾಂಧವರು. ಜರ್ಮನಿಯಲ್ಲಿ ವಧುವಿಗೆ ಮರ್ಟಲ್ ಮಾಲೆ ತೊಡಿಸುವುದು ವಾಡಿಕೆ. 1845ರಲ್ಲಿ ವಿಕ್ಟೋರಿಯಾ ಜರ್ಮನಿಗೆ ಹೋಗಿದ್ದಾಗ ಆಲ್ಬರ್ಟನ ಅಜ್ಜಿಯು ಕೊಟ್ಟ ಹೂಗೊಂಚಲಿನಲ್ಲಿ ಮರ್ಟಲಿನ ಕಡ್ಡಿಯಿದ್ದಿತು. ಅದನ್ನು ವೈಟ್ ದ್ವೀಪದ ಆಸ್ಬರ್ನ್ ಭವನದ ತೋಟದಲ್ಲಿ ನೆಟ್ಟರೆಂದೂ, 1858ರ ಜನವರಿಯಲ್ಲಿ ಹಿರಿಯ ಮಗಳ ಮದುವೆಯ ಹೂಗುಚ್ಛಕ್ಕೆ ಮರ್ಟಲನ್ನು ಸೇರಿಸಿದರೆಂದೂ ರಾಜಮನೆತನದ ಪರಂಪರೆ ಹೇಳುತ್ತದೆ. ಅಂದಿನಿಂದ ಆ ಮನೆಯ ವಧುಗಳ ಕೈಯಲ್ಲಿ ಆಸ್ಬರ್ನ್ ಮರ್ಟಲಿನ ಒಂದು ಕಡ್ಡಿಯಾದರೂ ಇರುವುದು ರೂಢಿಯಾಗಿದೆ. ಬೆಲೆ ಕಟ್ಟಿದರೆ ಕಾಸಿಲ್ಲದ ಸೊಪ್ಪು.

ಈಗ ಮುಖ್ಯ ಘಟನೆಗೆ ಬರೋಣ. ಸ್ಕಾಟ್ಲೆಂಡಿನ ಗ್ಲಾಮಿಸ್ ಕೋಟೆಯ ಸ್ಟ್ರಾತ್‌ಮೋರ್ ಮನೆತನದಲ್ಲಿ ಎಲಿಜಬೆತ್ ಬೋಸ್-ಲಯನ್ ಎಂಬ ಬಾಲಿಕೆಯಿದ್ದಳು. ಆಕೆಗೆ ಹದಿನಾಲ್ಕು ತುಂಬಿದ ದಿನವೇ, ಅಂದರೆ 1914ರ ಆಗಸ್ಟ್ 4ರಂದು, ಬ್ರಿಟನ್ ಯುದ್ಧಕ್ಕಿಳಿಯಿತು. ಕೋಟೆಯು ಗಾಯಾಳುಗಳ ಆರೈಕೆಯ ಮನೆಯಾಯಿತು. ಬಾಲಿಕೆಯೂ ಆ ಸೇವೆಯಲ್ಲಿ ನಿಂತಳು. ಆಕೆಯ ಅಣ್ಣ ಫರ್ಗಸ್ 1914ರ ಸೆಪ್ಟೆಂಬರಿನಲ್ಲಿ ಮದುವೆಯಾಗಿ ರಣರಂಗಕ್ಕೆ ತೆರಳಿದ್ದನು. ಮರುವರ್ಷ ರಜೆಯ ಮೇಲೆ ಬಂದು, ಎರಡು ತಿಂಗಳ ಮಗಳ ಮುಖವನ್ನು ನೋಡಿ, ವಿವಾಹದ ಮೊದಲ ವಾರ್ಷಿಕ ದಿನವನ್ನು ಮನೆಯವರೊಡನೆ ಕಳೆದು ಹಿಂದಿರುಗಿದವನು, 1915ರ ಸೆಪ್ಟೆಂಬರ್ 27ರಂದು ಫ್ರಾನ್ಸಿನ ಲೂಸ್ ಕದನದಲ್ಲಿ ಮಡಿದನು. ಆ ಕದನದ ಮೊದಲ ದಿನ, ಶತ್ರುವಿನ ಗಮನವನ್ನು ಬೇರೆಡೆಗೆ ಸೆಳೆಯಲು ಉತ್ತರದಲ್ಲಿ ಹೂಡಿದ ದಾಳಿಯಲ್ಲಿ ನಮ್ಮ ದೇಶದ ಸೈನಿಕರಿದ್ದ ಮೀರತ್ ಡಿವಿಜನ್ ಅಪಾರ ಹಾನಿಗೊಳಗಾಯಿತು. ಗೋರಿಯೇ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳು ನವ್ ಶಾಪೆಲ್‌ನ ಸ್ಮಾರಕದಲ್ಲಿವೆ. ಫರ್ಗಸನ ಗತಿಯೂ ಅದೇ. ಹೂಳಿದ ಗಣಿಯ ಬಳಿ ಗೋರಿಯ ನಿಖರವಾದ ನೆಲೆ ತಪ್ಪಿಹೋಗಿ, ಅವನ ಹೆಸರನ್ನು ಲೂಸ್ ಸ್ಮಾರಕದ ಗೋಡೆಯ ಮೇಲೆ ಕೊರೆದರು. ಇಲ್ಲಿಯೇ ಸಮೀಪದಲ್ಲಿ ಹೂಳಲಾಗಿದೆ ಎಂಬ ಕಲ್ಲು ಆ ಸ್ಥಳದಲ್ಲಿ ನಿಂತುದು 2012ರಲ್ಲಿ.

ಹೀಗೆ ಗುರುತಿಲ್ಲದೆ ಹೋದವರ ಪರವಾಗಿ, ಹೆಸರು ತಿಳಿಯದ ಒಬ್ಬ ಯೋಧನ ಶರೀರವನ್ನು ಫ್ರಾನ್ಸಿನಿಂದ ತಂದು 1920ರ ನವೆಂಬರ್ 11ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಿದರು. ಹೊದಿಸಿದ ಕಪ್ಪು ಅಮೃತಶಿಲೆ ಬೆಲ್ಜಿಯಮ್ಮಿನದು, ತುಂಬಿದ ಮಣ್ಣು ಫ್ರಾನ್ಸಿನದು. ಆ ದೇವಾಲಯದ ನೆಲದಲ್ಲಿ ದೊರೆಗಳ, ಕವಿಗಳ ಸಮಾಧಿಗಳ ಮೇಲೆ ಜನ ನಡೆದಾಡುತ್ತಾರೆ. ಈ ಒಂದು ಕಲ್ಲನ್ನು ಮಾತ್ರ ಯಾರೂ ತುಳಿಯುವಂತಿಲ್ಲ. ಪಟ್ಟಾಭಿಷೇಕಕ್ಕೆ ಬರುವ ದೊರೆಯೂ ಬಳಸಿಕೊಂಡೇ ಹೋಗಬೇಕು.

1923ರ ಏಪ್ರಿಲ್ 26ರಂದು ಎಲಿಜಬೆತ್ ವಧುವಾಗಿ ಆ ಬಾಗಿಲಿಗೆ ಬಂದಳು. ವರನು ಐದನೆಯ ಜಾರ್ಜ್ ದೊರೆಯ ಎರಡನೆಯ ಮಗ, ಮುಂದೆ ಆರನೆಯ ಜಾರ್ಜ್ ಎನಿಸಿದವನು. ಒಳಗೆ ಕಾಲಿಟ್ಟು ಸಮಾಧಿಯ ಸಮೀಪಕ್ಕೆ ಬಂದಾಗ, ಇಪ್ಪತ್ತೆರಡರ ಆ ತರುಣಿಯು ಕೈಯಲ್ಲಿದ್ದ ಬಿಳಿಯ ಗುಲಾಬಿಯ ಗುಚ್ಛವನ್ನು ಆ ಕಲ್ಲಿನ ಮೇಲಿಟ್ಟು, ಬರಿಗೈಯಲ್ಲಿ ವೇದಿಕೆಯತ್ತ ನಡೆದಳು. ಹಿಂದಿನ ವರ್ಷ ರಾಜಕುಮಾರಿ ಮೇರಿಯ ಹೂಗುಚ್ಛವೂ ಲಂಡನ್ನಿನ ಸಮರಸ್ಮಾರಕಕ್ಕೆ ಸಂದಿತ್ತು. ಆದರೆ ಅದು ವಿವಾಹ ಮುಗಿದ ಮೇಲೆ. ಈಕೆ ವಿವಾಹಕ್ಕೆ ಮುನ್ನವೇ ಕೊಟ್ಟಳು. ಚಿತ್ರ ತೆಗೆಯುವವರಿಗಾಗಿ, ಶೋಭೆಗಾಗಿ, ವರನ ಎದುರಿಗೆ ಹಿಡಿಯುವುದಕ್ಕಾಗಿ ಏನನ್ನೂ ಉಳಿಸಿಕೊಳ್ಳಲಿಲ್ಲ.

ನಮ್ಮಲ್ಲಿ ಪೂಜೆಗೆ ಸಂದ ಹೂವು ನಿರ್ಮಾಲ್ಯವಾಗುತ್ತದೆ. ಅದನ್ನು ಯಾರೂ ತುಳಿಯದ ಕಡೆ ಹಾಕುತ್ತೇವೆ. ಇಂಗ್ಲೆಂಡಿನಲ್ಲಿ ವಧುವಿನ ಕೈಯ ಹೂವಿಗೆ ಅಂತಹ ನಿಯತವಾದ ಗತಿಯೊಂದು ಇರಲಿಲ್ಲ. ಕೆಲವರು ಅದನ್ನು ಗೆಳತಿಯರತ್ತ ಎಸೆದರು, ಕೆಲವರು ಒಣಗಿಸಿ ಪೆಟ್ಟಿಗೆಯಲ್ಲಿಟ್ಟರು. 1923ರ ಆ ವಧುವು ಅದಕ್ಕೊಂದು ಎಡೆಯನ್ನು ತೋರಿಸಿದಳು. ರೋಸ್‌ಮೇರಿಯ ಕಾಲದಲ್ಲಿ ಮದುವೆಗೂ ಮರಣಕ್ಕೂ ಇದ್ದ ಹಳೆಯ ನಂಟು ಯಾವ ಕೈಪಿಡಿಯ ನೆರವೂ ಇಲ್ಲದೆ ಮರಳಿ ಬಂದಿತು.

ಎರಡನೆಯ ಮಹಾಯುದ್ಧದಲ್ಲಿ ಹೂದೋಟಗಳ ನೆಲವನ್ನು ಆಹಾರದ ಬೆಳೆಗೆ ತಿರುಗಿಸಬೇಕಾಯಿತು. ಕೆಲಕಾಲ ರೈಲಿನಲ್ಲಿ ಹೂ ಸಾಗಿಸುವುದಕ್ಕೂ ನಿಷೇಧವಿತ್ತು. ಯುದ್ಧ ಮುಗಿದು ಎರಡು ವರ್ಷಗಳಾದರೂ ಬಟ್ಟೆಗೆ ಪಡಿತರ ಚೀಟಿ ತಪ್ಪಿರಲಿಲ್ಲ. ಅಂತಹ ದಿನಗಳಲ್ಲಿ, 1947ರ ನವೆಂಬರ್ 20ರಂದು, ಅದೇ ತಾಯಿಯ ಮಗಳು, ಮುಂದೆ ಎರಡನೆಯ ಎಲಿಜಬೆತ್ ರಾಣಿಯಾದವಳು, ಮದುವೆಯಾದಳು. ಬಿಳಿಯ ಆರ್ಕಿಡ್ ಹೂಗಳು, ನಡುವೆ ಮರ್ಟಲಿನ ಕಡ್ಡಿ. ಹೊರಡುವ ಗಳಿಗೆಯಲ್ಲಿ ಹೂಗುಚ್ಛವೇ ಕಾಣೆಯಾಗಿ ಅರಮನೆಯಲ್ಲಿ ಗಲಿಬಿಲಿಯಾಯಿತು. ಬಾಡದಿರಲೆಂದು ಸೇವಕನೊಬ್ಬನು ಅದನ್ನು ತಂಪಾದ ಕಪಾಟಿನಲ್ಲಿಟ್ಟಿದ್ದನು. ಮದುವೆಯ ಮನೆಗಳು ಎಲ್ಲಿಯೂ ಒಂದೇ! ಆ ಹೂವೂ ಕೊನೆಗೆ ಸೇರಿದುದು ಅದೇ ಕಪ್ಪು ಕಲ್ಲನ್ನು. 1981ರ ಜುಲೈ 29ರಂದು ಡಯಾನಾ ಹಿಡಿದ ಗುಚ್ಛವು ಜಲಪಾತದಂತೆ ಇಳಿಬಿದ್ದಿತ್ತು. ವೈಭವದಲ್ಲಿ ಅದಕ್ಕೆ ಸಾಟಿಯಿಲ್ಲ. ಅದರಲ್ಲಿಯೂ ಮೌಂಟ್‌ಬ್ಯಾಟನ್ ಎಂಬ ಹಳದಿ ಗುಲಾಬಿಯಿದ್ದಿತು. 1979ರಲ್ಲಿ ಬಾಂಬಿಗೆ ಬಲಿಯಾದ, ನಮ್ಮ ದೇಶದ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ನರ ಸ್ಮರಣೆ ಅದು.

1923ರ ವಧುವು ನೂರಾಒಂದು ವರ್ಷ ಬಾಳಿ 2002ರಲ್ಲಿ ತೀರಿಕೊಂಡಳು. ಆಕೆಯ ಅಪೇಕ್ಷೆಯಂತೆ ಶವಪೆಟ್ಟಿಗೆಯ ಮೇಲಿದ್ದ ಪುಷ್ಪಚಕ್ರವನ್ನು ಅಜ್ಞಾತ ಯೋಧನ ಸಮಾಧಿಯ ಮೇಲಿಟ್ಟರು.

2018ರ ಮೇ ತಿಂಗಳಲ್ಲಿ ಆಕೆಯ ಮರಿಮೊಮ್ಮಗನಾದ ಹ್ಯಾರಿಯ ಮದುವೆ ವಿಂಡ್ಸರಿನಲ್ಲಿ ನಡೆಯಿತು. ಹಿಂದಿನ ದಿನ ಅವನೇ ತನ್ನ ಮನೆಯ ತೋಟಕ್ಕಿಳಿದು ಕೆಲವು ಹೂಗಳನ್ನು ಕೊಯ್ದು ತಂದನು. ಹೂಗುಚ್ಛ ಕಟ್ಟುವವರು ಅವನ್ನು ಮರ್ಟಲಿನೊಡನೆ ಸೇರಿಸಿದರು. 'ಮರೆಯದಿರು' ಎಂಬ ಅರ್ಥದ ಹೆಸರುಳ್ಳ ಪುಟ್ಟ ಹೂವೂ ಆ ಗುಚ್ಛದಲ್ಲಿದ್ದಿತು. 1997ರಲ್ಲಿ ಅಪಘಾತದಲ್ಲಿ ತೀರಿಹೋದ ತಾಯಿ ಡಯಾನಾ ಅದನ್ನು ಬಹಳ ಮೆಚ್ಚುತ್ತಿದ್ದಳು. ಮರುದಿನ ಭಾನುವಾರ ಆ ಗುಚ್ಛವನ್ನು ಲಂಡನ್ನಿಗೆ ಕಳುಹಿಸಿ ಸಮಾಧಿಯ ಮೇಲಿರಿಸಿದರು.