ನಾಲ್ಕು ಜನ ನೋಡಲೆಂದು

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ಹವ್ಯಾಸಿ ಛಾಯಾಗ್ರಾಹಕ ಖಂಡಿತ ಇರುತ್ತಾನೆ. ಕೈಯಲ್ಲಿರುವ ಕ್ಯಾಮೆರಾದ ಕಂತು ಇನ್ನೂ ತೀರಿರುವುದಿಲ್ಲ, ಅಷ್ಟರಲ್ಲೇ ಹೊಸ ಮಾದರಿಯೊಂದರ ಮಾತು ತೆಗೆದಿರುತ್ತಾನೆ. ಮದುವೆ ಮನೆಯಲ್ಲಿ ಊಟದ ಎಲೆ ಹಾಕುವ ಮೊದಲೇ ಅವನು ತೆಗೆದ ಧಾರೆಯ ಚಿತ್ರ ಅಮೆರಿಕದಲ್ಲಿರುವ ನೆಂಟರ ಮೊಬೈಲಿಗೆ ತಲುಪಿರುತ್ತದೆ. ಮನೆಯ ಹಿರಿಯರು, “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಪ್ಪ, ತೆಗೆಯೋದು ಕಳಿಸೋದು, ತೆಗೆಯೋದು ಕಳಿಸೋದು” ಎಂದು ಗೊಣಗುತ್ತಾರೆ.

ನಿಜವಾಗಿಯೂ ಇರಲಿಲ್ಲವೇ? ಹೊಸ ಉಪಕರಣದ ಹುಚ್ಚು ಮತ್ತು ತೆಗೆದದ್ದನ್ನು ನಾಲ್ಕು ಜನರಿಗೆ ತೋರಿಸುವ ಹಂಬಲ ಇಂಟರ್‌ನೆಟ್ಟಿನ ಜೊತೆಗೆ ಬಂದವೇ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಬನ್ನಿ.

ಛಾಯಾಗ್ರಹಣದ ಆವಿಷ್ಕಾರವನ್ನು ಜಗತ್ತಿಗೆ ವಿವರಿಸಿದ್ದು 1839ರ ಆಗಸ್ಟ್ 19ರಂದು, ಪ್ಯಾರಿಸ್ಸಿನಲ್ಲಿ. ಅದು ಲೂಯಿ ಡಗೇರ್ ಅವರ ವಿಧಾನ. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡುತ್ತಿತ್ತು. ಅತ್ಯಂತ ಸ್ಪಷ್ಟವಾದ ಚಿತ್ರ, ಆದರೆ ಒಂದೇ ಒಂದು ಪ್ರತಿ. ಮಿತ್ರನಿಗೆ ಕೊಟ್ಟರೆ ನಿಮ್ಮಲ್ಲಿ ಉಳಿಯುವುದಿಲ್ಲ. ನೀವು ಇಟ್ಟುಕೊಂಡರೆ ಮಿತ್ರನಿಗೆ ದಕ್ಕುವುದಿಲ್ಲ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1841ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿಧಾನ ಬೇರೆಯದು. ಅದರಲ್ಲಿ ಮೊದಲು ಕಾಗದದ ಮೇಲೆ ನೆಗೆಟಿವ್, ಅದರಿಂದ ಬೇಕಾದಷ್ಟು ಪ್ರಿಂಟುಗಳು. ಚಿತ್ರವನ್ನು ಹಂಚಿಕೊಳ್ಳುವ ಕ್ರಿಯೆ ಸಾಧ್ಯವಾದದ್ದೇ ಇಲ್ಲಿಂದ ಎನ್ನಬಹುದು.

ಸಾಧ್ಯವಾದ ಮೇಲೆ ಹವ್ಯಾಸಿಗಳು ಸುಮ್ಮನೆ ಕೂರಲಿಲ್ಲ. 1855ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ಚಿತ್ರ ವಿನಿಮಯಕ್ಕೆಂದೇ ಒಂದು ಕ್ಲಬ್ ಇತ್ತು. ಸದಸ್ಯರು ತಮ್ಮ ಪ್ರಿಂಟುಗಳನ್ನು ಪರಸ್ಪರ ಹಂಚಿಕೊಂಡು ಆಲ್ಬಂ ಮಾಡಿಕೊಳ್ಳುತ್ತಿದ್ದರು. 1861ರಲ್ಲಿ ನ್ಯೂಯಾರ್ಕಿನಲ್ಲಿ ಹೆನ್ರಿ ಆಂಟನಿ ಎಂಬುವರ ಮುಂದಾಳತ್ವದಲ್ಲಿ ಹವ್ಯಾಸಿಗಳ ವಿನಿಮಯ ಕ್ಲಬ್ ಹುಟ್ಟಿತು. ಎರಡು ಕಣ್ಣಿಗೆ ಎರಡು ಚಿತ್ರವಿಟ್ಟು ಆಳ ಕಾಣಿಸುವ ಸ್ಟೀರಿಯೋ ಪ್ರಿಂಟುಗಳನ್ನು ಅದರ ಸದಸ್ಯರು ಅಂಚೆಯಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ವೈದ್ಯರೂ ಲೇಖಕರೂ ಆಗಿದ್ದ ಆಲಿವರ್ ವೆಂಡೆಲ್ ಹೋಮ್ಸ್ ಇದರಲ್ಲಿ ಪಾಲುಗೊಂಡಿದ್ದರು. ಚಿತ್ರ ಕಳಿಸುವುದು, ಉತ್ತರಕ್ಕೆ ಕಾಯುವುದು, ಮೆಚ್ಚುಗೆ ಬಂದರೆ ಹಿಗ್ಗುವುದು! ಇಂದಿನದಕ್ಕೂ ಅಂದಿನದಕ್ಕೂ ವ್ಯತ್ಯಾಸವಿದ್ದದ್ದು ಅಂಚೆಯವನ ನಡಿಗೆಯ ವೇಗದಲ್ಲಿ ಮಾತ್ರ.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. ಮುಂಬಯಿಯಲ್ಲಿ 1854ರಲ್ಲಿ, ಕಲ್ಕತ್ತ ಮತ್ತು ಮದ್ರಾಸುಗಳಲ್ಲಿ 1856ರಲ್ಲಿ ಛಾಯಾಗ್ರಹಣ ಸಂಘಗಳು ಆರಂಭವಾದವು. ಅಂದಿನ ಉಪಕರಣವನ್ನು ನೆನೆದರೆ ಆ ಹವ್ಯಾಸಿಗಳ ಬಗ್ಗೆ ಗೌರವ ಮೂಡುತ್ತದೆ. ಫ್ರೆಡರಿಕ್ ಸ್ಕಾಟ್ ಆರ್ಚರ್ 1851ರಲ್ಲಿ ಪ್ರಕಟಿಸಿದ ಒದ್ದೆ ಫಲಕದ ವಿಧಾನ ಆಗ ಬಳಕೆಗೆ ಬರುತ್ತಿತ್ತು. ಗಾಜಿಗೆ ಕೊಲೋಡಿಯನ್ ಸವರಿ, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕು. ಕ್ಯಾಮೆರಾದ ಜೊತೆಗೆ ಕತ್ತಲೆಯ ಡೇರೆಯೂ ಹೊರಡಬೇಕು. ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಸಿಲ್ವರ್ ನೈಟ್ರೇಟ್ ತಗುಲಿ ನನ್ನ ಬೆರಳು ಒಂದು ವಾರ ಕಪ್ಪಾಗಿಯೇ ಇತ್ತು. ಆ ಕಾಲದ ಹವ್ಯಾಸಿಯ ಕೈ ವರ್ಷವಿಡೀ ಹಾಗೇ ಇದ್ದಿರಬೇಕು.

ಆದರೆ ಈ ಸಂಘಗಳ ಬಾಗಿಲು ಎಲ್ಲರಿಗೂ ಒಂದೇ ಅಗಲಕ್ಕೆ ತೆರೆದಿರಲಿಲ್ಲ. ವಿದ್ವಾಂಸ ರಾಜೇಂದ್ರಲಾಲ್ ಮಿತ್ರ ಬಂಗಾಳದ ಸಂಘದ ಖಜಾಂಚಿಯಾಗಿದ್ದರು. 1857ರಲ್ಲಿ ಅವರು ಸಾರ್ವಜನಿಕ ಸಭೆಯೊಂದರಲ್ಲಿ ಯೂರೋಪಿನ ನೀಲಿ ತೋಟಗಾರರನ್ನು ಕಟುವಾಗಿ ಟೀಕಿಸಿದರು. ಸಭೆಗೂ ಛಾಯಾಗ್ರಹಣಕ್ಕೂ ಸಂಬಂಧವಿರಲಿಲ್ಲ. ಆದರೂ ಸಂಘ ಅವರನ್ನು ಹೊರಹಾಕಿತು. ಚಿತ್ರ ಹಂಚಿಕೊಳ್ಳುವ ಬಳಗ ಎಂದ ಮೇಲೆ ಒಳಗೆ ಯಾರು, ಹೊರಗೆ ಯಾರು ಎಂಬ ಪ್ರಶ್ನೆಯೂ ಅದರ ಜೊತೆಗೇ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬಳಗವನ್ನು ಹಿಗ್ಗಿಸಿದ್ದು ಬಹುಮಟ್ಟಿಗೆ ಉಪಕರಣವೇ. ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ವೈದ್ಯರು 1871ರಲ್ಲಿ ಜೆಲಟಿನ್ ಬಳಸಿದ ಒಣ ಫಲಕವನ್ನು ಸೂಚಿಸಿದರು. ಮುಂದೆ ಅದು ಸುಧಾರಿಸಿದಂತೆ ಡೇರೆ ಹೊರುವ ಕಷ್ಟ ತಪ್ಪಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾ ಮಾರಾಟಕ್ಕೆ ಬಿಟ್ಟರು. ಬೆಲೆ 25 ಡಾಲರ್, ಒಳಗೆ 100 ಚಿತ್ರಗಳ ರೋಲು. ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ರೋಚೆಸ್ಟರ್ ನಗರದ ಕಾರ್ಖಾನೆಗೆ ಕಳಿಸಿದರೆ, 10 ಡಾಲರಿಗೆ ಪ್ರಿಂಟು ಹಾಕಿ, ಹೊಸ ರೋಲು ತುಂಬಿ ಮರಳಿಸುತ್ತಿದ್ದರು. 1900ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರ್. ಮಕ್ಕಳ ಕೈಗೂ ಕ್ಯಾಮೆರಾ ಬಂತು. 1925ರಲ್ಲಿ ಜರ್ಮನಿಯಿಂದ ಲೈಕಾ ಬಂತು. ಸಿನಿಮಾ ಫಿಲ್ಮಿನ ಅಳತೆಯನ್ನೇ ಬಳಸಿ ಕೋಟಿನ ಜೇಬಿಗೆ ಹಿಡಿಸುವಂಥ ಆ ಕ್ಯಾಮೆರಾವನ್ನು ರೂಪಿಸಿದ ಆಸ್ಕರ್ ಬರ್ನಾಕ್ ಸ್ವತಃ ಹವ್ಯಾಸಿ. ಆಸ್ತಮಾ ರೋಗಿಯಾಗಿದ್ದ ಅವರಿಗೆ ಭಾರದ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುವುದು ಕಷ್ಟವಾಗಿತ್ತು. ಹೊಸ ಉಪಕರಣದ ಆಸೆಯನ್ನು ನಾವು ಬರೀ ಖಯಾಲಿ ಎಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಎಷ್ಟೋ ಸಲ ಒಂದು ನಿಜವಾದ ತೊಂದರೆ ಇರುತ್ತದೆ.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ದೇಶದ ಛಾಯಾಗ್ರಹಣ ಸಂಘಗಳನ್ನು ಒಂದುಗೂಡಿಸಿದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ 1953ರಲ್ಲಿ ಸ್ಥಾಪನೆಯಾಯಿತು. ಅದರ ಹಿಂದಿದ್ದ ಹಿರಿಯರು ಬೆಂಗಳೂರಿನ ಡಾ. ಜಿ. ಥಾಮಸ್. 1971ರಲ್ಲಿ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಆರಂಭವಾಯಿತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತ ರಾವ್ ಅವರ ವನ್ಯಜೀವಿ ಚಿತ್ರಗಳು ಹೊರದೇಶಗಳಲ್ಲೂ ಹೆಸರಾದವು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಕಾಡಿನಲ್ಲಿ ಕ್ಯಾಮೆರಾ ಹಿಡಿದು ಕಾಯುವುದರಲ್ಲೂ ಅಷ್ಟೇ ಪಳಗಿದವರು. ಅವರ ಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಹೊರಬಂತು.

ಆ ತಲೆಮಾರಿನ ಹವ್ಯಾಸಿಗೆ ಚಿತ್ರ ಹಂಚಿಕೊಳ್ಳುವ ದಾರಿ ಎಂದರೆ ಸಲಾನ್, ಅಂದರೆ ಆಯ್ಕೆಯ ಪ್ರದರ್ಶನ. ದೊಡ್ಡ ಪ್ರಿಂಟು ಹಾಕಿ, ಎರಡು ರಟ್ಟುಗಳ ನಡುವೆ ಭದ್ರಮಾಡಿ ಅಂಚೆಗೆ ಹಾಕಬೇಕು. ತಿಂಗಳುಗಳ ನಂತರ ಅದು ಮರಳಿ ಬರುತ್ತಿತ್ತು. ಆಯ್ಕೆಯಾಗಿದ್ದರೆ ಬೆನ್ನಿಗೆ ಒಂದು ಚೀಟಿ ಅಂಟಿರುತ್ತಿತ್ತು.

ನನ್ನ ಸೋದರಮಾವ ಇಂಥ ಒಬ್ಬ ಹವ್ಯಾಸಿ. ಹೈಸ್ಕೂಲಿನ ಮೇಷ್ಟರು. ಸಂಬಳದಲ್ಲಿ ಉಳಿಸಿ ಕ್ಯಾಮೆರಾ ಕೊಂಡವರು, ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ ರಾತ್ರಿ ಪ್ರಿಂಟು ಹಾಕುತ್ತಿದ್ದವರು. 1975ರಲ್ಲಿ ಅವರ ಊರಿನ ಕೆರೆ ಕೋಡಿ ಹರಿದಾಗ ತೆಗೆದ ಒಂದು ಚಿತ್ರದ ಮೇಲೆ ಅವರಿಗೆ ಬಹಳ ಮಮತೆ. ಮೂರು ಸಲ ಸಲಾನಿಗೆ ಕಳಿಸಿದರು, ಮೂರು ಸಲವೂ ಚೀಟಿಯಿಲ್ಲದೆ ವಾಪಸು ಬಂತು. “ನೀರಿನ ಬಿಳುಪು ಜಾಸ್ತಿಯಾಯ್ತು ಕಣೋ” ಎಂದು ಅವರೇ ಒಪ್ಪಿಕೊಳ್ಳುತ್ತಿದ್ದರು. ಅದರ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಡಿಜಿಟಲ್ ಕ್ಯಾಮೆರಾದ ಕಥೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿ.ಸಿ.ಡಿ. ಎಂಬ ಸಾಧನವನ್ನು ಕಲ್ಪಿಸಿದರು. ಮಾಹಿತಿಯನ್ನು ನೆನಪಿಟ್ಟುಕೊಳ್ಳುವ ಸಾಧನವಾಗಿ ಅವರು ಯೋಚಿಸಿದ್ದ ಅದು ಬೆಳಕನ್ನು ವಿದ್ಯುದಂಶವಾಗಿ ಹಿಡಿದಿಡುವ ಕಣ್ಣಾಯಿತು. 2009ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಫಿಲ್ಮಿನಲ್ಲಿ ಬೆಳ್ಳಿಯ ಲವಣದ ಹರಳು ಒಮ್ಮೆ ಬೆಳಕು ಕಂಡರೆ ಮುಗಿಯಿತು. ಸಿ.ಸಿ.ಡಿ.ಯಲ್ಲಿ ಅಂಶವನ್ನು ಅಳೆದು, ಅಂಕಿಯಾಗಿ ಬರೆದುಕೊಂಡು, ಪಾತ್ರೆ ತೊಳೆದಿಟ್ಟಂತೆ ಮತ್ತೆ ಬಳಸಬಹುದು. ಒಂದು ಚಿತ್ರದ ಖರ್ಚು ಸೊನ್ನೆಯ ಹತ್ತಿರಕ್ಕೆ ಇಳಿದದ್ದು ಹೀಗೆ.

1975ರಲ್ಲಿ ಕೊಡಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಇದನ್ನು ಬಳಸಿ ಸುಮಾರು ಮೂರೂವರೆ ಕಿಲೋ ತೂಕದ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಚಿತ್ರದಲ್ಲಿ ಇದ್ದದ್ದು ಬರೇ 10,000 ಬಿಂದುಗಳು. ಅದನ್ನು ಕ್ಯಾಸೆಟ್ಟಿನ ಟೇಪಿಗೆ ಬರೆಯಲು 23 ಸೆಕೆಂಡು ಬೇಕಿತ್ತು. ನೋಡಿದ್ದು ಎಲ್ಲಿ ಗೊತ್ತೇ? ಟೆಲಿವಿಷನ್ ಪರದೆಯ ಮೇಲೆ. ಚಿತ್ರವನ್ನು ಟೀವಿಯಲ್ಲಿ ಯಾರು ನೋಡುತ್ತಾರೆ ಎಂದು ಕಂಪನಿಯಲ್ಲಿ ಪ್ರಶ್ನೆ ಎದ್ದಿತ್ತೆಂದು ಸ್ಯಾಸನ್ ಮುಂದೆ ನೆನಪಿಸಿಕೊಂಡಿದ್ದಾರೆ. ಟೀವಿಯವನಾದ ನನಗೆ ಇದು ಸ್ವಲ್ಪ ನಗು ತರಿಸುವ ಸಂಗತಿ. ಅದೇ ಕೊಡಕ್ 2012ರ ಜನವರಿಯಲ್ಲಿ ದಿವಾಳಿತನದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲು ಹತ್ತಿತು.

ಇತ್ತ ಕಳಿಸುವ ದಾರಿಯೂ ಬದಲಾಯಿತು. 1997ರ ಜೂನ್ 11ರಂದು ಕ್ಯಾಲಿಫೋರ್ನಿಯದಲ್ಲಿ ಫಿಲಿಪ್ ಕಾನ್ ಎಂಬುವರು ಆಗಷ್ಟೇ ಹುಟ್ಟಿದ ತಮ್ಮ ಮಗಳ ಚಿತ್ರವನ್ನು, ಡಿಜಿಟಲ್ ಕ್ಯಾಮೆರಾಕ್ಕೆ ಮೊಬೈಲ್ ಫೋನ್ ಮತ್ತು ಲ್ಯಾಪ್‌ಟಾಪ್ ಜೋಡಿಸಿ, ಆಸ್ಪತ್ರೆಯಿಂದಲೇ 2,000ಕ್ಕೂ ಹೆಚ್ಚು ಮಂದಿಗೆ ಕಳಿಸಿದರು. 2004ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಫ್ಲಿಕರ್ ತಾಣ ಆರಂಭವಾಯಿತು. ಹಳೆಯ ವಿನಿಮಯ ಕ್ಲಬ್ಬುಗಳಂತೆ ಹವ್ಯಾಸಿಗಳು ಅಲ್ಲಿ ಗುಂಪು ಕಟ್ಟಿಕೊಂಡರು. ಯಾವ ಕ್ಯಾಮೆರಾ, ಯಾವ ಲೆನ್ಸು ಎಂದು ವಿಚಾರಿಸಿಕೊಂಡರು. 2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ ತೆಗೆಯುವುದು, ಕಳಿಸುವುದು ಎರಡೂ ಒಂದೇ ಬೆರಳಿನ ಕೆಲಸವಾಯಿತು.

ಹಾಗಾದರೆ ಬದಲಾಗಿದ್ದೇನು? ನನ್ನ ದೃಷ್ಟಿಯಲ್ಲಿ ಬದಲಾಗಿದ್ದು ಉಳಿಸಿಕೊಳ್ಳುವ ಕ್ರಮ. 1855ರ ಹವ್ಯಾಸಿ ಮಿತ್ರನಿಗೆ ಪ್ರಿಂಟು ಕಳಿಸಿದರೆ ಚಿತ್ರ ಎರಡು ಮನೆಗಳಲ್ಲಿ ಉಳಿಯುತ್ತಿತ್ತು. ಹಂಚುವುದೇ ಕಾಪಾಡುವುದೂ ಆಗಿತ್ತು. ನಾವು ಇಂದು ಹಂಚುವಾಗ ಚಿತ್ರ ಬಹಳ ಸಲ ಮೂರನೆಯವರ ಉಗ್ರಾಣದಲ್ಲಿ ಇರುತ್ತದೆ. ಕೊಡಕ್ ನಡೆಸುತ್ತಿದ್ದ ಚಿತ್ರಗಳ ತಾಣ 2012ರಲ್ಲಿ ಮುಚ್ಚಿತು. ನಮ್ಮಲ್ಲಿ ಮನೆಮಾತಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಚಿತ್ರಗಳನ್ನು ಇಳಿಸಿಕೊಳ್ಳಲು ಕಾಲಾವಕಾಶ ಕೊಟ್ಟಿದ್ದರು, ನಿಜ. ಆದರೆ ನಾಳೆ ಮಾಡಿದರಾಯಿತು ಎಂದವರಲ್ಲಿ ನಾನೂ ಒಬ್ಬ.

2005ರಲ್ಲಿ ನಾನು ಮೊದಲ ಡಿಜಿಟಲ್ ಕ್ಯಾಮೆರಾ ಕೊಂಡೆ. ಊರಿಗೆ ಹೋಗಿ ಅಜ್ಜಿಯ ಚಿತ್ರಗಳನ್ನು ಮನಸ್ವೀ ತೆಗೆದೆ: ರಾಗಿ ಬೀಸುತ್ತಿರುವುದು, ಎಲೆ ಅಡಿಕೆ ಹಾಕುತ್ತಿರುವುದು, ಕ್ಯಾಮೆರಾ ಕಂಡು ಸೆರಗು ಸರಿಮಾಡಿಕೊಂಡದ್ದು. ನಾಲ್ಕನ್ನು ಆರ್ಕುಟ್‌ನಲ್ಲಿ ಹಾಕಿದೆ, ಉಳಿದವು ಕಂಪ್ಯೂಟರಿನಲ್ಲಿದ್ದವು. ಅಜ್ಜಿ ಮರುವರ್ಷ ತೀರಿಕೊಂಡರು. ಅದಾದ ಮೇಲೆ ಹಾರ್ಡ್ ಡಿಸ್ಕ್ ಕೆಟ್ಟಿತು. ಆರ್ಕುಟ್‌ನ ನಾಲ್ಕು ನನ್ನ ಸೋಮಾರಿತನಕ್ಕೆ ಹೋದವು. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಇಂದು ಉಳಿದಿರುವುದು ಒಂದು, ಅಮ್ಮ ಹಟ ಮಾಡಿ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿದ್ದು.

ಕೆಲವು ವರ್ಷಗಳ ಹಿಂದೆ ಕೆರೆಗಳ ಕುರಿತು ಕಾರ್ಯಕ್ರಮವೊಂದನ್ನು ಸಿದ್ಧಪಡಿಸುತ್ತಿದ್ದೆ. ಮಾವನ ಊರಿನ ಕೆರೆಯಲ್ಲಿ ಈಗ ಜಾಲಿ ಬೆಳೆದಿದೆ. ಅಲ್ಲಿ ಕೋಡಿ ಹರಿಯುತ್ತಿತ್ತೆಂದರೆ ಊರಿನ ಹುಡುಗರು ನಂಬಲಿಲ್ಲ. ಮಾವ ಟ್ರಂಕಿನಿಂದ ಆ ಪ್ರಿಂಟು ತೆಗೆದುಕೊಟ್ಟರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಊರಿನ ಹೆಸರು, ತಾರೀಖು, ಬೆಳಗಿನ ಹೊತ್ತು, ಎಫ್ 8, ಕೋಡಿಯ ಮೇಲೆ ನಿಂತ ಮೂವರ ಹೆಸರು. ಮೂರು ಸಲ ತಿರಸ್ಕೃತವಾದ ಆ ಚಿತ್ರ ನಮ್ಮ ಕಾರ್ಯಕ್ರಮದ ಮುಖ್ಯ ಸಾಕ್ಷಿಯಾಯಿತು. ನೀರಿನ ಬಿಳುಪು ಜಾಸ್ತಿಯಾಗಿದೆಯೆಂದು ಆ ದಿನ ಯಾರೂ ಹೇಳಲಿಲ್ಲ.

ಹೊಸ ಕ್ಯಾಮೆರಾ ಬೇಕೆನಿಸಿದರೆ, ಕೈಲಾದರೆ, ಕೊಳ್ಳಿ. ತೆಗೆದದ್ದನ್ನು ನಾಲ್ಕು ಜನರಿಗೆ ಕಳಿಸಿ; ಅದು 1855ರಿಂದ ಬಂದ ಒಳ್ಳೆಯ ಪದ್ಧತಿ. ಜೊತೆಗೆ ಒಂದು ಕೆಲಸ ಮಾಡಿ. ವರ್ಷಕ್ಕೆ ಹತ್ತೇ ಚಿತ್ರಗಳನ್ನು ಆರಿಸಿ ಪ್ರಿಂಟು ಹಾಕಿಸಿ. ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂಬ ಮೂರು ಮಾತು ಬರೆಯಿರಿ. ಉಳಿದ ಚಿತ್ರಗಳ ಪ್ರತಿಯನ್ನು ಎರಡು ಬೇರೆ ಬೇರೆ ಕಡೆ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಾದರೂ ಸರಿ.

ಇವತ್ತು ಸಂಜೆ ನಿಮ್ಮ ಮನೆಯ ಹವ್ಯಾಸಿ ಮೊಬೈಲ್ ಹಿಡಿದು ಚಿತ್ರ ತೋರಿಸಲು ಬಂದರೆ ಗೊಣಗಬೇಡಿ. ನೋಡಿ, ಮೆಚ್ಚಿ, ಆಮೇಲೆ ಒಂದು ಮಾತು ಕೇಳಿ: “ಇದರ ಪ್ರಿಂಟು ಯಾವಾಗ ಹಾಕಿಸ್ತೀಯಪ್ಪ?”