ಕೈಹಿಡಿದು ಕಲಿಸಿದವರು



ಶಿಕ್ಷಣ ಕ್ಷೇತ್ರದಲ್ಲಿ ಈಗ ಬಹಳವಾಗಿ ಕೇಳಿಬರುತ್ತಿರುವ ಮಾತು ‘ಸಾಮಾಜಿಕ-ಭಾವನಾತ್ಮಕ ಕಲಿಕೆ’. 1994ರಲ್ಲಿ ಅಮೆರಿಕದ ಕೆಲವು ವಿದ್ವಾಂಸರು ಈ ಹೆಸರನ್ನು ರೂಢಿಗೆ ತಂದರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಗುವಿನ ಬುದ್ಧಿಯೊಡನೆ ಅದರ ಭಾವನೆ ಮತ್ತು ಶೀಲಗಳೂ ಬೆಳೆಯಬೇಕೆಂದು ಹೇಳುತ್ತದೆ. ತನ್ನನ್ನು ತಾನು ಅರಿಯುವುದು, ಮನಸ್ಸನ್ನು ಹತೋಟಿಯಲ್ಲಿಡುವುದು, ಪರರ ನೋವನ್ನು ತಿಳಿಯುವುದು, ಸಂಬಂಧಗಳನ್ನು ಕಾಪಾಡುವುದು, ಹೊಣೆಯರಿತು ನಿರ್ಧರಿಸುವುದು ಎಂಬ ಐದು ಗುಣಗಳು ಈ ಕಲಿಕೆಯ ಗುರಿ. ಹೆಸರು ಹೊಸದು, ವಿಷಯ ಹೊಸದಲ್ಲ. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ಇತಿಹಾಸವನ್ನು ಅವಲೋಕಿಸಿದರೆ ಈ ಮಾತು ಮನದಟ್ಟಾಗುತ್ತದೆ.

ಮೊದಲು ಹಾನಗಲ್ಲಿಗೆ ಹೋಗೋಣ. ಈ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಕುರುಡು ಮಗು ಜನಿಸಿತು. ಕಣ್ಣಿಲ್ಲದ ಮಗುವೆಂದರೆ ಮನೆಗೆ ಭಾರವೆಂದೇ ಎಣಿಸುತ್ತಿದ್ದ ಕಾಲವದು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಆ ಬಾಲಕನ ಕಂಠದಲ್ಲಿದ್ದ ಸ್ವರವನ್ನು ಗುರುತಿಸಿದರು. ಅವನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಶಿಕ್ಷಣ ಕೊಡಿಸಿದರು. ಆತನೇ ಮುಂದೆ ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು. ತಾವು ಪಡೆದ ಪ್ರೀತಿಯನ್ನು ಅವರು ತಮ್ಮಲ್ಲೇ ಉಳಿಸಿಕೊಳ್ಳಲಿಲ್ಲ. ಅಂಧ ಮತ್ತು ಅನಾಥ ಮಕ್ಕಳನ್ನು ಸೇರಿಸಿ, ಜಾತಿಭೇದವಿಲ್ಲದೆ ಅನ್ನವನ್ನೂ ವಿದ್ಯೆಯನ್ನೂ ನೀಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಬೆಳೆದುಬಂದದ್ದು ಈ ಬಗೆಯಲ್ಲಿ. ಹಾಗೆ ಅವರು ಕೈಹಿಡಿದವರಲ್ಲಿ 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳೂ ಒಬ್ಬರು. 1944ರಲ್ಲಿ ಗುರುಗಳು ಅಗಲಿದ ಮೇಲೆ ಪುಟ್ಟರಾಜರು 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಆಶ್ರಮವನ್ನು ನಡೆಸಿದರು. ಒಬ್ಬರು ಹಿಡಿದ ಕೈ ಇನ್ನೊಬ್ಬರ ಕೈ ಹಿಡಿಯಿತು. ಶೀಲವೆಂಬುದು ಹೀಗೆ ಕೈಯಿಂದ ಕೈಗೆ ದಾಟುತ್ತದೆ.

ಇನ್ನು ಶಿಗ್ಗಾಂವಿ. ಇಲ್ಲಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಕಳಸದ ಬ್ರಾಹ್ಮಣ ಗೋವಿಂದಭಟ್ಟರು ಮುಸ್ಲಿಂ ತರುಣನೊಬ್ಬನನ್ನು ಶಿಷ್ಯನನ್ನಾಗಿ ಸ್ವೀಕರಿಸಿದಾಗ ಎರಡೂ ಕಡೆಯ ಸಂಪ್ರದಾಯಸ್ಥರು ಮುನಿದರು. ಗುರು ಶಿಷ್ಯನ ಕೈ ಬಿಡಲಿಲ್ಲ, ಶಿಷ್ಯ ಗುರುವನ್ನು ತೊರೆಯಲಿಲ್ಲ. 1889ರಲ್ಲಿ ಶರೀಫರು ತೀರಿಕೊಂಡರು. ಅವರ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಸೌಹಾರ್ದದ ಬಗ್ಗೆ ನೂರು ಪಾಠ ಹೇಳುವುದಕ್ಕಿಂತ ಈ ಇಬ್ಬರ ಬಾಳು ಮಿಗಿಲಾದುದಲ್ಲವೇ?

ಸವಣೂರು 1909ರಲ್ಲಿ ನಮಗೆ ವಿನಾಯಕ ಕೃಷ್ಣ ಗೋಕಾಕರನ್ನು ಕೊಟ್ಟಿತು. ಅವರು ಆಕ್ಸ್‌ಫರ್ಡ್‌ನಲ್ಲಿ ಓದಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1981ರಲ್ಲಿ, ಮಾನವೀಯ ಮೌಲ್ಯಗಳನ್ನೂ ಶಿಕ್ಷಣದ ಅಂಗವಾಗಿಸಿಕೊಂಡ ಪುಟ್ಟಪರ್ತಿಯ ವಿದ್ಯಾಸಂಸ್ಥೆಯ ಮೊದಲ ಕುಲಪತಿಗಳಾದರು. ಇಂಥವರಿಗೂ ಎಳೆಯ ವಯಸ್ಸಿನಲ್ಲಿ ಒಬ್ಬರ ಆಸರೆ ಬೇಕಾಗಿತ್ತು. ಧಾರವಾಡದಲ್ಲಿ ಬೇಂದ್ರೆಯವರು ಅವರನ್ನು ‘ಗೆಳೆಯರ ಗುಂಪಿ’ಗೆ ಬರಮಾಡಿಕೊಂಡು ದಾರಿ ತೋರಿದರು.

ಹಿರೇಕೆರೂರು ತಾಲೂಕಿನ ಅಬಲೂರಿನೊಡನೆ ಜನರು ಸರ್ವಜ್ಞನ ಹೆಸರನ್ನು ನೆನೆಯುತ್ತಾರೆ. ಊರೂರು ಅಲೆದ ಆ ಕವಿಗೆ ಲೋಕವೇ ಪಾಠಶಾಲೆ. ತನ್ನ ಅರಿವು ಸ್ವಂತದ್ದಲ್ಲ, ಎಲ್ಲರಿಂದ ಕಲಿತು ಕೂಡಿಸಿದ್ದು ಎಂಬ ವಿನಯ ಅವನದು. ಕಲಿಸುವವನಿಗೂ ಈ ವಿನಯ ಬೇಕು. ಅದಿಲ್ಲದೆ ನಾನು ಎಡವಿದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಅನೇಕ ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ನಾನು ನೀತಿಬೋಧೆಯ ತರಗತಿ ತೆಗೆದುಕೊಳ್ಳುತ್ತಿದ್ದೆ. ಅಂದಿನ ಪಾಠ ‘ಕರುಣೆ’. ಹಿಂದಿನ ಬೆಂಚಿನ ಹುಡುಗನೊಬ್ಬ ತೂಕಡಿಸುತ್ತಿದ್ದ. ಗದರಿಸಿ, ಅವಧಿ ಮುಗಿಯುವವರೆಗೂ ಹೊರಗೆ ನಿಲ್ಲಿಸಿದೆ. ರಾತ್ರಿ ಮಾತ್ರ ಕರೆಂಟು ಬರುತ್ತಿದ್ದುದರಿಂದ, ತಂದೆ ಹಾಸಿಗೆ ಹಿಡಿದ ಆ ಮನೆಯಲ್ಲಿ ಹೊಲಕ್ಕೆ ನೀರು ಹಾಯಿಸುವವನು ಅವನೊಬ್ಬನೇ ಎಂದು ನನಗೆ ತಿಳಿದದ್ದು ವಾರ ಕಳೆದ ಮೇಲೆ. ನೀತಿಬೋಧೆಯ ಪರೀಕ್ಷೆಯಲ್ಲಿ ಅವನಿಗೆ ನಾನು ಕೊಟ್ಟ ಅಂಕ ತೀರ ಕಡಿಮೆ. ಅಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾದವನು ಅವನಲ್ಲ, ನಾನು. ಕರುಣೆಯ ವ್ಯಾಖ್ಯೆ ನನಗೆ ಬಾಯಿಪಾಠವಿತ್ತು. ಅವನ ಮನೆಯ ದಾರಿ ಗೊತ್ತಿರಲಿಲ್ಲ.

ಸಂತ ಜಾನ್ ಬೋಸ್ಕೊರವರ ಸೇವೆ ಆರಂಭವಾದ ಬಗೆ ನಿಮಗೆ ನೆನಪಿರಬಹುದು. 1841ರ ಡಿಸೆಂಬರ್ 8ರಂದು ಟ್ಯೂರಿನ್ ನಗರದ ದೇವಾಲಯದಿಂದ ಸೇವಕನು ಹೊಡೆದಟ್ಟಿದ ಅನಾಥ ಹುಡುಗನನ್ನು ಅವರು ಮರಳಿ ಕರೆಸಿದರು. ಅವನ ಹೆಸರು ಕೇಳಿದರು, ಶಿಳ್ಳೆ ಹಾಕಲು ಬರುತ್ತದೆಯೇ ಎಂದು ವಿಚಾರಿಸಿದರು. ಹುಡುಗ ನಕ್ಕ. ಜಪ, ಧರ್ಮೋಪದೇಶ ಆಮೇಲೆ ಬಂದವು. ಮಕ್ಕಳನ್ನು ಪ್ರೀತಿಸಿದರಷ್ಟೇ ಸಾಲದು, ಆ ಪ್ರೀತಿ ಅವರ ಅನುಭವಕ್ಕೂ ಬರಬೇಕು ಎಂಬುದು 1884ರಲ್ಲಿ ಅವರು ರೋಮಿನಿಂದ ಬರೆದ ಪತ್ರದ ತಿರುಳು.

ವೇಳಾಪಟ್ಟಿಯಲ್ಲಿ ಮೌಲ್ಯಶಿಕ್ಷಣಕ್ಕೆ ಒಂದು ಅವಧಿ ಇರಲಿ, ಒಳ್ಳೆಯ ಪುಸ್ತಕಗಳೂ ಬರಲಿ. ಆದರೆ ಮಗುವಿನ ಹೆಸರು, ಮನೆ, ದುಃಖಗಳನ್ನು ಅರಿತ ಒಬ್ಬ ಹಿರಿಯರು ಶಾಲೆಯಲ್ಲಿ ಇಲ್ಲದಿದ್ದರೆ ಅದೂ ಅಂಕಗಳಿಸುವ ಇನ್ನೊಂದು ವಿಷಯವಾಗಿಬಿಡುತ್ತದೆ. ನಮ್ಮ ಧರ್ಮಕೇಂದ್ರದ ಶಾಲೆಗಳೂ ಈ ಮಾತಿಗೆ ಹೊರತಲ್ಲ. ಶಿಕ್ಷಕರೇ, ತಂದೆತಾಯಿಗಳೇ, ನಿಮ್ಮ ಕಣ್ಣಿಗೆ ‘ದಡ್ಡ’, ‘ಒರಟ’ ಎನಿಸಿರುವ ಒಂದು ಮಗುವಿನ ಬಳಿ ಈ ವಾರ ಹತ್ತು ನಿಮಿಷ ಕುಳಿತು ಅದರ ಮಾತು ಕೇಳಿರಿ.

ಬೆತ್ಸಾಯಿದದಲ್ಲಿ ಪ್ರಭು ಯೇಸು ಕುರುಡನೊಬ್ಬನ ಕೈಹಿಡಿದು ಊರ ಹೊರಗೆ ನಡೆಸಿಕೊಂಡು ಹೋದರೆಂದು ಮಾರ್ಕನು ತನ್ನ ಶುಭಸಂದೇಶದಲ್ಲಿ ಬರೆದಿದ್ದಾನೆ. ಮೊದಲ ಸ್ಪರ್ಶಕ್ಕೆ ಅವನಿಗೆ ಜನರು ಮರಗಳಂತೆ ಮಸುಕಾಗಿ ಕಂಡರು. ಪ್ರಭು ಬೇಸರಿಸಲಿಲ್ಲ, ಎರಡನೆಯ ಬಾರಿ ಮುಟ್ಟಿದರು. ಹಾಗೆ ಎರಡನೆಯ ಬಾರಿ ಮುಟ್ಟುವ ತಾಳ್ಮೆಯನ್ನು ಅವರು ನಮಗೂ ದಯಪಾಲಿಸಲಿ.