ಟ್ರ್ಯಾಕ್ ಡೇಗೆ ಟೈರ್ ಒತ್ತಡ ಮತ್ತು ಸಸ್ಪೆನ್ಷನ್ ಹೊಂದಿಕೆ

ಸ್ಪರ್ಧೆಯ ಹಂಗಿಲ್ಲದೆ, ಶುಲ್ಕ ಕೊಟ್ಟು ಸ್ವಂತ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನವೇ ಟ್ರ್ಯಾಕ್ ಡೇ. ಬೆಂಗಳೂರಿನ ಸವಾರರಿಗೆ ಚೆನ್ನೈ ಹೆದ್ದಾರಿಯ ಮೇಲೆಯೇ ಸಿಗುವ ಇರುಂಗಾಟ್ಟುಕೋಟ್ಟೈಯ 3.7 ಕಿ.ಮೀ. ಟ್ರ್ಯಾಕ್ ಇದಕ್ಕೆ ಪರಿಚಿತ ತಾಣ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇನ್ನೊಂದು. ಇಂಥ ಕಡೆ ಹೆಚ್ಚಿನವರ ಕೈ ಮೊದಲು ಹೋಗುವುದು ಸಸ್ಪೆನ್ಷನ್ನಿನ ತಿರುಪುಗಳಿಗೆ. ಆದರೆ ಟೈರಿನ ಒತ್ತಡ, ಅದೂ ಬಿಸಿಯಾದ ಟೈರಿನ ಒತ್ತಡ, ಒಂದು ನೆಲೆಗೆ ಬರುವವರೆಗೆ ಸಸ್ಪೆನ್ಷನ್ ಬಗ್ಗೆ ಸವಾರನಿಗೆ ಆಗುವ ಯಾವ ಅನುಭವವೂ ನಂಬಲರ್ಹವಲ್ಲ. ಟೈರು ತಾನೇ ಒಂದು ಸ್ಪ್ರಿಂಗ್. ಗಾಳಿ ಹೆಚ್ಚಾದ ಟೈರು ಸಣ್ಣ ಉಬ್ಬುಗಳನ್ನು ನುಂಗದೆ ಹ್ಯಾಂಡಲಿಗೆ ದಾಟಿಸುತ್ತದೆ. ಫೋರ್ಕ್ ಗಡಸಾಯಿತೆಂದು ತಿಳಿದು ಡ್ಯಾಂಪಿಂಗ್, ಅಂದರೆ ಸಸ್ಪೆನ್ಷನ್ನಿನ ಚಲನೆಗೆ ಒಡ್ಡುವ ತಡೆ, ಸಡಿಲಿಸಿದರೆ ಒಂದು ದೋಷ ಎರಡಾಗುತ್ತದೆ.

ಮುಚ್ಚಿದ ಟೈರಿನೊಳಗಿನ ಗಾಳಿಯ ಒತ್ತಡ ಅದರ ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ ಏರುತ್ತದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೇಜು 30 ಪಿಎಸ್‌ಐ ತೋರಿಸಿದರೆ, ವಾಯುಮಂಡಲದ್ದೂ ಸೇರಿ ನಿಜವಾದ ಒತ್ತಡ ಸುಮಾರು 44.7. ಒಳಗಿನ ಗಾಳಿ 77 ಡಿಗ್ರಿಗೆ ಕಾದಾಗ ಅದು 52 ದಾಟಿ, ಗೇಜಿನಲ್ಲಿ 37ಕ್ಕೂ ಮೇಲೆ ನಿಲ್ಲುತ್ತದೆ. ಟ್ರ್ಯಾಕಿನಲ್ಲಿ ಬೆಳಿಗ್ಗೆ ತಣ್ಣಗಿದ್ದಾಗ ಗಾಳಿ ಇಳಿಸಿ ಹೊರಡುವುದು ಈ ಏರಿಕೆಗೆ ಜಾಗ ಬಿಡುವುದಕ್ಕೆ. ಕಂಪನಿಯೇ ಸ್ವಿಂಗ್‌ಆರ್ಮಿನ ಮೇಲೆ ಅಂಟಿಸಿದ ಅಂಕಿಗಿಂತ ಕೆಳಗಿಳಿಯುವುದು ಅಪಾಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಅಂಕಿ ರಸ್ತೆಯ ಬಳಕೆಗೆ ಗೊತ್ತುಮಾಡಿದ್ದು: ಹಿಂಬದಿ ಸವಾರ, ಸಾಮಾನು, ಗುಂಡಿ ಎಲ್ಲವೂ ಅದರ ಲೆಕ್ಕದಲ್ಲಿವೆ. ಹಾಗೆಂದು ಮನಬಂದಂತೆ ಇಳಿಸಲಾಗದು. ಗಾಳಿ ತೀರಾ ಕಡಿಮೆಯಾದ ಟೈರಿನ ಒಡಲು ಅತಿಯಾಗಿ ಬಳುಕಿ, ಆ ಬಳುಕಿನಿಂದಲೇ ಅಳತೆಮೀರಿ ಕಾಯುತ್ತದೆ. ಆ ಟೈರಿಗೆ ತಯಾರಕರು ಟ್ರ್ಯಾಕಿಗೆಂದು ಹೇಳಿದ ಬಿಸಿ ಒತ್ತಡವನ್ನು ಗುರಿಯಾಗಿಟ್ಟು, ಪಿಟ್ಟಿಗೆ ಬಂದ ಕೂಡಲೇ ಅಳೆದು ಹೊಂದಿಸುವುದು ಸರಿಯಾದ ದಾರಿ. ಇಡೀ ದಿನ ಒಂದೇ ಗೇಜು ಬಳಸಬೇಕು, ಏಕೆಂದರೆ ಎರಡು ಗೇಜುಗಳು ಒಂದೇ ಮಾತು ಹೇಳುವುದು ಅಪರೂಪ. ಬಿಸಿಲಲ್ಲಿ ನಿಂತ ಬೈಕಿನ ‘ತಣ್ಣನೆಯ’ ಅಳತೆಯೂ ಸುಳ್ಳೇ. ನೈಟ್ರೋಜನ್ ತುಂಬಿಸಿದರೆ ಈ ತಾಪತ್ರಯವಿಲ್ಲ ಎನ್ನುವವರಿದ್ದಾರೆ. ಗಾಳಿಯಲ್ಲಿ ನೂರಕ್ಕೆ 78 ಭಾಗ ಅದೇ ಇದೆ, ಕಾದಾಗ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಅದರ ಲಾಭವೆಂದರೆ ತೇವಾಂಶವಿಲ್ಲದಿರುವುದು, ಅಷ್ಟೇ.

ಒತ್ತಡ ನೆಲೆಗೊಂಡ ಮೇಲೆ ಸ್ಯಾಗ್, ಅಂದರೆ ಪೂರ್ತಿ ಉಡುಪಿನ ಸವಾರ ಕೂತಾಗ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಎಂಬ ಲೆಕ್ಕ. ಸುಮಾರು 120 ಮಿ.ಮೀ. ಚಲನೆಯ ಫೋರ್ಕಿಗೆ 30ರಿಂದ 35 ಮಿ.ಮೀ. ಒಳ್ಳೆಯ ಆರಂಭ. ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಪ್ರಮಾಣ, ಬಿಗಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆಂಬ ನಂಬಿಕೆ ವ್ಯಾಪಕ, ಆದರೆ ತಪ್ಪು. ಬೈಕು ನಿಲ್ಲುವ ಎತ್ತರ ಬದಲಾಗುತ್ತದೆ, ಸ್ಪ್ರಿಂಗಿನ ಗುಣವಲ್ಲ. ಪ್ರಿಲೋಡಿನಿಂದ ಸ್ಯಾಗ್ ಸರಿಹೋಗದಿದ್ದರೆ ಆ ಸವಾರನ ತೂಕಕ್ಕೆ ಸ್ಪ್ರಿಂಗೇ ಬೇರೆ ಬೇಕು. ಹೊಸಬರಿಗೆ ಸೂಕ್ಷ್ಮ ತಿಳಿಯದು, ಮುಟ್ಟದಿರುವುದೇ ಲೇಸು ಎಂಬ ವಾದ ಡ್ಯಾಂಪಿಂಗಿನ ಮಟ್ಟಿಗೆ ಬಹುಪಾಲು ಸರಿ. ಸ್ಯಾಗಿಗೆ ಅದು ಅನ್ವಯಿಸದು: ಅದು ಟೇಪು ಹಿಡಿದು ಅಳೆಯುವ ಸಂಗತಿ, ಅನುಭವ ಬೇಡುವುದಿಲ್ಲ. (ನಮ್ಮಲ್ಲಿನ ಹಲವು ಚಿಕ್ಕ ಸ್ಪೋರ್ಟ್ಸ್ ಬೈಕುಗಳಲ್ಲಿ ಹಿಂದಿನ ಪ್ರಿಲೋಡ್ ಬಿಟ್ಟು ತಿರುಗಿಸಲು ಬೇರೇನೂ ಇರುವುದಿಲ್ಲ.) ಡ್ಯಾಂಪಿಂಗ್ ಹೊಂದಿಸುವ ತಿರುಪುಗಳಿದ್ದವರು ಮೂಲ ಕ್ಲಿಕ್ಕುಗಳನ್ನು ಬರೆದಿಟ್ಟು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರಿಬೌಂಡ್, ಅಂದರೆ ಕುಸಿದ ಸಸ್ಪೆನ್ಷನ್ ಮರಳುವಾಗಿನ ಡ್ಯಾಂಪಿಂಗ್, ಅತಿಯಾದರೆ ಮುಂದಿನ ಉಬ್ಬು ಬರುವಷ್ಟರಲ್ಲಿ ಚಕ್ರ ಮರಳಿ ಇಳಿದಿರುವುದಿಲ್ಲ; ಸಸ್ಪೆನ್ಷನ್ ಕುಸಿಯುತ್ತಲೇ ಹೋಗಿ ಕೊನೆಗೆ ಗಡಸೆನಿಸುತ್ತದೆ. ಹೆಚ್ಚು ಗಾಳಿಯ ಟೈರಿನ ಲಕ್ಷಣವೂ ಹೆಚ್ಚುಕಡಿಮೆ ಇದೇ ಆದ್ದರಿಂದಲೇ ಒತ್ತಡಕ್ಕೆ ಮೊದಲ ಸರದಿ.

ಅದೇ ಬೈಕಿನಲ್ಲಿ ಊರಿಗೆ ಮರಳುವವರು ರಸ್ತೆಯ ಒತ್ತಡಕ್ಕೆ ಗಾಳಿ ತುಂಬಿಸಲೇಬೇಕು. 77 ಡಿಗ್ರಿಯ ಟೈರಿನಲ್ಲಿ 33 ಕಂಡು ಹೊರಟರೆ, ಅದು 27ಕ್ಕೆ ತಣಿದಾಗ ಉಳಿಯುವುದು ಬರೀ 26.